ಬಾಡಿಗೆಗೆ ಬಂದ ಬಾವ

ನಂಜನಗೂಡು
ಶುಕ್ರವಾರ, 16 ಜನವರಿ 2026

ಬಾವ,

ಇಲ್ಲಿ ನಾನು, ನನ್ನ ಕಾಲಿಗೆ ಕಟ್ಟುವ ಕ್ಯಾಲಿಪರ್, ನನ್ನ ಊರುಗೋಲು ಮೂರು ಜನವೂ ಚೆನ್ನಾಗಿದ್ದೇವೆ. ಅಲ್ಲಿ ಸೋಸಲೆಯಲ್ಲಿ ನೀನು ಹೇಗಿದ್ದೀಯೋ ಗೊತ್ತಿಲ್ಲ. ಅತ್ತೆಗೆ ಫೋನ್ ಮಾಡಿ ಕೇಳಿದರೆ, ಗಂಡನ ಕ್ಷೇಮವನ್ನು ಅತ್ತೆಯ ಹತ್ತಿರ ವಿಚಾರಿಸುವ ಸೊಸೆಯನ್ನು ನಿನ್ನನ್ನೇ ಕಂಡದ್ದು ಅಂತ ಬೈಯುತ್ತಾಳೆ. ಬೈದಾದ ಮೇಲೆ ಹೇಳುತ್ತಾಳೆ, ಉಣ್ಣುತ್ತಾನೆ, ಊರಿಗೆ ನೀರು ಬಿಡುತ್ತಾನೆ, ಮಲಗುತ್ತಾನೆ, ಮಾತು ಮಾತ್ರ ಆಡುವುದಿಲ್ಲ ಅಂತ.

ಫೋನ್ ಇರುವಾಗ ಕಾಗದ ಯಾಕೆ ಅಂತ ನೀನು ಹುಬ್ಬು ಗಂಟಿಕ್ಕುತ್ತೀಯ, ಗೊತ್ತು. ಫೋನಿನಲ್ಲಿ ನಿನ್ನದು ಎರಡೇ ಮಾತು, ಒಂದು ಊಂ, ಇನ್ನೊಂದು ಇಡ್ಲಾ. ವಾಟ್ಸಪ್ಪಿನಲ್ಲಿ ಕಳಿಸಿದರೆ ಓದಿದ ಗುರುತು ನೀಲಿಯಾಗಿ ಬೀಳುತ್ತದೆ, ಉತ್ತರ ಬರುವುದಿಲ್ಲ. ಆ ನೀಲಿ ನೋಡಿ ನೋಡಿ ನನಗೆ ಕಣ್ಣುರಿ ಬಂದಿದೆ. ಕಾಗದವಾದರೆ ನೀನು ಓದಿದೆಯೋ ಒಲೆಗೆ ಹಾಕಿದೆಯೋ ನನಗೆ ಕಾಣುವುದಿಲ್ಲ, ಅಷ್ಟರ ಮಟ್ಟಿಗೆ ನೆಮ್ಮದಿ. ಕಂಪ್ಯೂಟರಿನಲ್ಲೇ ಹೊಡೆಯಬಹುದಿತ್ತು. ಆದರೆ ಕೋರ್ಟಿನ ಎದುರಿನ ಅಂಗಡಿಯಲ್ಲಿ ಬೆಳಗಿನಿಂದ ಸಂಜೆಯ ತನಕ ಊರವರ ಅರ್ಜಿ ಟೈಪ್ ಮಾಡಿ ಮಾಡಿ, ಈಗ ಕೀಬೋರ್ಡ್ ಮುಂದೆ ಕೂತರೆ ಬೆರಳು ತಾನಾಗಿಯೇ ‘ಮಾನ್ಯರೇ, ತಮ್ಮಲ್ಲಿ ಕೇಳಿಕೊಳ್ಳುವುದೇನೆಂದರೆ’ ಅಂತ ಶುರುಮಾಡುತ್ತದೆ. ಕಟ್ಟಿಕೊಂಡ ಗಂಡನಿಗೆ ಅರ್ಜಿ ಹಾಕಲು ನನಗೆ ಮನಸ್ಸಿಲ್ಲ. ಅದಕ್ಕೇ ಪೆನ್ನು ಹಿಡಿದಿದ್ದೇನೆ.

ಗಾಡಿ ಬಂತು ಬಾವ.

ಹಬ್ಬಕ್ಕೆ ಮೊದಲೇ ಬಂತು. ಮೈಸೂರಿನಲ್ಲಿ ಶಾಮಿಯಾನ ಹಾಕಿ, ಗಾಡಿಗಳನ್ನೆಲ್ಲ ಸಾಲಾಗಿ ನಿಲ್ಲಿಸಿ, ಯಾರೋ ದೊಡ್ಡವರು ಬಂದು ಒಬ್ಬೊಬ್ಬರ ಕೈಗೆ ಕೀಲಿ ಕೊಟ್ಟರು. ನನ್ನದು ಕೆಂಪು. ಮುಂದೆ ಒಂದು ಚಕ್ರ, ಹಿಂದೆ ಎರಡು. ಪೆಟ್ರೋಲ್ ಇಲ್ಲ, ಕಿಕ್ ಇಲ್ಲ, ಕಾಲಿಗೆ ಕೆಲಸವೇ ಇಲ್ಲ, ಎಲ್ಲವೂ ಕೈಯಲ್ಲೇ. ಊರುಗೋಲು ಸಿಕ್ಕಿಸಲು ಪಕ್ಕದಲ್ಲಿ ಕೊಕ್ಕೆ ಕೊಟ್ಟಿದ್ದಾರೆ. ಹಿಂದಕ್ಕೆ ಹೋಗಲು ಒಂದು ಗುಂಡಿ ಇದೆ, ಅದನ್ನು ಒತ್ತಿದರೆ ಗಾಡಿ ಕೊಂಯ್ ಅಂತ ಅಳುತ್ತಾ ಹಿಂದೆ ಸರಿಯುತ್ತದೆ. ಅದರ ಬೆಲೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಸರ್ಕಾರ ಮುಕ್ಕಾಲು ಪಾಲು ಹಾಕದೇ ಇದ್ದಿದ್ದರೆ, ನಿನ್ನ ಸಂಬಳ ನನ್ನ ಸಂಬಳ ಎರಡನ್ನೂ ಅಟ್ಟದ ಮೇಲೆ ಕಟ್ಟಿಟ್ಟರೂ ನಾವು ಮುದುಕರಾಗುವ ಹೊತ್ತಿಗೆ ಅದರ ಕನ್ನಡಿ ಕೊಳ್ಳಬಹುದಿತ್ತೇನೋ. ತಾಂಡವಪುರದ ದೊಡ್ಡಮಾದಯ್ಯನವರಿಗೂ ಬಂತು, ಕಬ್ಬಿನ ಗಾಡಿ ಹರಿದು ಒಂದು ಕಾಲು ಹೋದವರು, ನಿನಗೆ ಗೊತ್ತಲ್ಲ. ಮೈದಾನದಲ್ಲಿ ಒಂದು ಸುತ್ತು ಹೊಡೆದು ತೋರಿಸಿ ಅಂದರೆ ಆ ಯಜಮಾನರು ಸುತ್ತುತ್ತಲೇ ಇದ್ದರು. ತಾತಾ ಬ್ಯಾಟರಿ ಮುಗಿಯುತ್ತೆ ಇಳಿ ಅಂತ ಮೊಮ್ಮಗಳು ಹಿಂದೆ ಹಿಂದೆ ಓಡುತ್ತಿದ್ದಳು. ಎಲ್ಲರೂ ನಕ್ಕರು, ನಾನೂ ನಕ್ಕೆ, ಆಮೇಲೆ ನನಗೆ ಅಳು ಬಂತು.

ಕಲಿಯಲು ಕಷ್ಟವಾಗಲಿಲ್ಲ. ನಾಲ್ಕು ದಿನ ವಠಾರದ ಮುಂದಿನ ಗಲ್ಲಿಯಲ್ಲೇ ಓಡಿಸಿದೆ. ಒಂದು ಸಲ ಮನೆಯ ಓನರ್ ಚಿಕ್ಕಬಸಮ್ಮನವರ ಹೂಕುಂಡಕ್ಕೆ ಗುದ್ದಿದೆ, ಅವರು ಇವತ್ತಿಗೂ ಆ ಕುಂಡದ ವಿಷಯ ಬಿಟ್ಟಿಲ್ಲ. ಆಮೇಲೆ ಒಂದು ಭಾನುವಾರ ನಾನೊಬ್ಬಳೇ ಹೊಳೆಯ ಹತ್ತಿರ ಹೋದೆ. ಯಾರನ್ನೂ ಕೇಳದೆ, ಯಾರಿಗೂ ಹೇಳದೆ, ಯಾರಿಗೂ ಕಾಯದೆ ಹೋದದ್ದು ಹುಟ್ಟಿದಂದಿನಿಂದ ಅದೇ ಮೊದಲು. ಆ ಗಳಿಗೆಯಲ್ಲಿ ನಾನು ಎಲ್ಲಿದ್ದೇನೆ ಅಂತ ಈ ಭೂಮಿಯ ಮೇಲೆ ಒಬ್ಬರಿಗೂ ಗೊತ್ತಿರಲಿಲ್ಲ. ಎಂಥ ಸುಖ ಅಂತೀಯ ಬಾವ! ಗಾಡಿಯ ಮೇಲೇ ಕೂತು ಕಪಿಲೆಯನ್ನು ನೋಡುತ್ತಾ ಒಂದು ಪೊಟ್ಟಣ ಕಡ್ಲೆಕಾಯಿ ತಿಂದೆ. ತಿಂದು ಮುಗಿಸಿ ಸೆರಗು ಕೊಡವುವ ಹೊತ್ತಿಗೆ, ಇದನ್ನು ಯಾರಿಗೆ ಹೇಳಲಿ ಅನ್ನಿಸಿತು. ಅಪ್ಪ ಅವ್ವ ಇಲ್ಲ. ಚಿಕ್ಕಬಸಮ್ಮನವರಿಗೆ ಹೇಳಿದರೆ ಪೊಲೀಸರ ಹಾಗೆ ಎಷ್ಟು ಹೊತ್ತಿಗೆ, ಯಾರ ಜೊತೆ ಅಂತ ಶುರುಮಾಡುತ್ತಾರೆ. ನಿನಗೆ ಹೇಳಬೇಕಿತ್ತು. ನಿನಗೊಬ್ಬನಿಗೇ ಹೇಳಬೇಕಿತ್ತು.

ಗಾಡಿ ಬಂತು ಅಂತ ತಿಳಿಸಲು ಬರೆದೆ ಅಂತ ಇಲ್ಲಿಗೇ ಸಹಿ ಹಾಕಿ ಮುಗಿಸಬಹುದಿತ್ತು. ಹಾಗೆಂದುಕೊಂಡೇ ಕೂತದ್ದು. ಆದರೆ ನಿನ್ನೆ ಹಬ್ಬದ ದಿನ ಅತ್ತೆ ಫೋನ್ ಮಾಡಿದ್ದಳು. ಎಳ್ಳುಬೆಲ್ಲದ ಮಾತು ಒಂದು, ಮೊಣಕಾಲು ನೋವಿನ ಮಾತು ಒಂದು, ಆಮೇಲೆ ಮೆಲ್ಲಗೆ ಹೇಳಿದಳು, “ಅವ ಬೈಕ್ ಮಾರ್ಬುಡ್ತಾವ್ನೆ ಕಣವ್ವ. ಸೋಮಾರ ಮೂಗೂರಿಂದ ಬಂದು ತಕ್ಕಂಡೋಯ್ತಾರಂತೆ.”

ಬಾವ, ಆ ಬೈಕನ್ನು ಮಾರುತ್ತೀಯಾ?

ಹಿಂದೆ ಕೂತರೆ ನಾನು ಜಾರದ ಹಾಗೆ ನರಸೀಪುರದಲ್ಲಿ ವೆಲ್ಡಿಂಗ್ ಅಂಗಡಿಯವನ ಮುಂದೆ ಇಡೀ ದಿನ ನಿಂತು ಕಬ್ಬಿಣದ ಒರಗು ಮಾಡಿಸಿದ್ದು ನೀನೇ ಅಲ್ಲವಾ? ಅದು ಬೆನ್ನಿಗೆ ಒತ್ತುತ್ತದೆ ಅಂದಾಗ ನಿನ್ನ ಹಳೆಯ ಶಾಲು ಸುತ್ತಿ ದಾರದಲ್ಲಿ ಹೊಲಿದೆ. ನನ್ನ ಕಾಲು ಹಳ್ಳದ ರಸ್ತೆಯಲ್ಲಿ ತೂಗಾಡಬಾರದು ಅಂತ ಎರಡು ಬೆಲ್ಟ್ ಹಾಕಿಸಿದೆ. ಮೂಗೂರಿನವನು ಅದನ್ನೆಲ್ಲ ಕತ್ತರಿಸಿ ಗುಜರಿಗೆ ಹಾಕುತ್ತಾನೆ. ಬೈಕ್ ಮಾರುವುದು ನಿನ್ನಿಷ್ಟ, ನಿನ್ನ ಹೆಸರಿನಲ್ಲಿದೆ. ಆದರೆ ನನಗೆ ಗೊತ್ತು, ನೀನು ಮಾರುತ್ತಿರುವುದು ಬೈಕನ್ನಲ್ಲ. ಅವಳು ಇನ್ನು ಬರುವುದಿಲ್ಲ ಅಂತ ನೀನು ತೀರ್ಮಾನ ಮಾಡಿಕೊಂಡಿದ್ದೀಯ.

ಹೇಗೆ ಬಂದೆವು ಬಾವ ನಾವು ಇಲ್ಲಿಗೆ? ಜಗಳ ಆಡಿದೆವಾ? ಹೊಡೆದಾಡಿದೆವಾ? ನಿನಗೆ ಗೊತ್ತಿರುವುದನ್ನೇ ಹೇಳುತ್ತೇನೆ, ನನ್ನ ಬಾಯಿಂದ ಒಂದು ಸಲ ಕೇಳು.

ಆಗ ನಾನು ನರಸೀಪುರದ ಜೆರಾಕ್ಸ್ ಅಂಗಡಿಯಲ್ಲಿದ್ದೆ. ಬೆಳಗ್ಗೆ ಊರಿಗೆ ನೀರು ಬಿಟ್ಟು ಬಂದು ನನ್ನನ್ನು ಅಂಗಡಿಗೆ ಇಳಿಸುತ್ತಿದ್ದೆ, ಸಂಜೆ ನೀರು ಬಿಟ್ಟು ಬಂದು ಕರೆದುಕೊಂಡು ಹೋಗುತ್ತಿದ್ದೆ. ಮೋಟರ್ ಸುಟ್ಟ ದಿನ, ಪೈಪ್ ಒಡೆದ ದಿನ ನಿನಗೆ ಬರಲು ಆಗುತ್ತಿರಲಿಲ್ಲ. ಅಂಗಡಿಯವನು ಷಟರ್ ಎಳೆದುಕೊಂಡು ಹೋದ ಮೇಲೆ ನಾನು ಮೆಟ್ಟಿಲ ಮೇಲೆ ಕೂತಿರುತ್ತಿದ್ದೆ. ಬಸ್ಸಿನ ಮೆಟ್ಟಿಲು ನನ್ನ ಕಾಲಿಗೆ ಎಟುಕುವುದಿಲ್ಲ, ಆಟೋ ದಿನಾ ಆಗುವುದಿಲ್ಲ. ನೀನು ಬಂದವನೇ ಮೈಯೆಲ್ಲ ಕೆಸರಾಗಿ, ಕಳ್ಳನ ಹಾಗೆ ಮುಖ ಮಾಡಿಕೊಂಡು ನಿಲ್ಲುತ್ತಿದ್ದೆ. ಬೈಯಲು ನನಗೆ ಬಾಯಿ ಬರುತ್ತಿರಲಿಲ್ಲ. ಅಂಗವಿಕಲರಿಗೆ ಕರೆಂಟ್ ಗಾಡಿ ಕೊಳ್ಳಲು ಸರ್ಕಾರ ಹಣ ಕೊಡುತ್ತದಂತೆ ಅಂತ ಪಂಚಾಯ್ತಿ ಆಫೀಸಿನಲ್ಲಿ ನೋಟೀಸು ನೋಡಿ ಸುದ್ದಿ ತಂದವನು ನೀನು. ನನಗಿಂತ ಹೆಚ್ಚು ಕುಣಿದವನೂ ನೀನೇ.

ಮೈಸೂರಿನ ಆಫೀಸಿನಲ್ಲಿ ಸಂದರ್ಶನ ಅಂತ ಕರೆದರು. ರಾಂಪ್ ಕಡೆಯ ಬಾಗಿಲಿಗೆ ಬೀಗ ಹಾಕಿತ್ತು, ನೀನು ನನ್ನನ್ನು ಎತ್ತಿಕೊಂಡೇ ಮೆಟ್ಟಿಲು ಹತ್ತಿದೆ. ಸಾಲಿನಲ್ಲಿ ನಮ್ಮ ಮುಂದೆ ಶಂಭುಲಿಂಗಪ್ಪ ಅಂತ ಒಬ್ಬರು, ಅವರ ಹೆಂಡತಿಗೂ ಪೋಲಿಯೋ. ಹೊಸ ಯೋಜನೆ, ಯಾರಿಗೂ ಏನೂ ಸರಿಯಾಗಿ ಗೊತ್ತಿಲ್ಲ. ಆತ ಮಾತ್ರ ಎಲ್ಲವನ್ನೂ ಬಲ್ಲವರ ಹಾಗೆ ನಮ್ಮ ಕಿವಿಯ ಹತ್ತಿರ ಬಂದು, “ಗಂಡ ಅವ್ನೆ, ಅವ್ನತ್ರ ಬೈಕ್ ಅದೆ ಅಂದ್ರೆ ಹೆಸ್ರು ಹೊಡ್ದಾಕ್ತಾರೆ ಕಣ್ತಾಯಿ, ಉಸಾರು,” ಅಂದರು. ಆಧಾರ್ ಕಾರ್ಡಿನಲ್ಲಿ ನನ್ನದು ಇನ್ನೂ ಅಪ್ಪನ ಹೆಸರು, ತಾಂಡವಪುರದ ವಿಳಾಸ. ಬದಲಾಯಿಸಲು ಹೋಗುವುದಕ್ಕೂ ನಿನ್ನ ಬಿಡುವು ಬೇಕಿತ್ತಲ್ಲ, ಅದು ಹಾಗೇ ಉಳಿದಿತ್ತು. ಕಾಗದದ ಮೇಲೆ ನಾನು ದೊಡ್ಡ ಕನ್ಯೆ. ಯೋಚನೆ ಮಾಡಲು ಹೊತ್ತೇ ಸಿಗಲಿಲ್ಲ, ನನ್ನ ಹೆಸರು ಕೂಗಿದರು.

ಒಳಗೆ ಸಂದರ್ಶನ ಮಾಡುವ ಮೇಡಂ ನನ್ನನ್ನು ಕೂರಿಸಿ, ನಿನ್ನ ಕಡೆ ತಿರುಗಿ, ಇವರು ಯಾರು ಅಂತ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ನೀನು ನನ್ನ ಊರುಗೋಲನ್ನು ಎದೆಗೆ ಒತ್ತಿ ಹಿಡಿದುಕೊಂಡು, “ನಾನ್ಯಾರೂ ಅಲ್ಲ ಕಣ್ ಮೇಡಂ. ಬಾಡ್ಗೆಗೆ ಕರ್ಕಂಡ್ ಬಂದಿವ್ನಿ,” ಅಂದುಬಿಟ್ಟೆ.

ಹಿಂದಕ್ಕೆ ಬರುವಾಗ ದಾರಿಯುದ್ದಕ್ಕೂ ನಕ್ಕೆವಲ್ಲ, ನೆನಪಿದೆಯಾ? ಡ್ರೈವರಣ್ಣಾ ಸ್ವಲ್ಪ ನಿಧಾನಕ್ಕೆ, ಡ್ರೈವರಣ್ಣಾ ಬಾಡಿಗೆ ಎಷ್ಟಾಯ್ತು ಅಂತ ನಾನು ನಿನ್ನ ಕಿವಿ ತಿನ್ನುತ್ತಿದ್ದೆ. ಟೀ ಅಂಗಡಿಯಲ್ಲಿ ಲೋಟ ಹಿಡಿದುಕೊಂಡು ನೀನು ದೂರ ನಿಂತು, ಅಮ್ಮಾವ್ರೆ ಹೊರಡಾನ್ವಾ ಅಂತ ಕೇಳಿದೆ. ನನ್ನ ಮೂಗಿನಿಂದ ಟೀ ಹೊರಗೆ ಬಂತು. ಆ ದಿನದಷ್ಟು ನಾನು ಮದುವೆಯ ಹೊಸತರಲ್ಲೂ ನಕ್ಕಿರಲಿಲ್ಲ.

ಅಲ್ಲಿಗೇ ಬಿಟ್ಟಿದ್ದರೆ ಆಗಿತ್ತು. ಶಂಭುಲಿಂಗಪ್ಪ ನಿನ್ನ ನಂಬರ್ ತೆಗೆದುಕೊಂಡಿದ್ದರಲ್ಲ, ಫೋನ್ ಮಾಡಿ, ಪರಿಶೀಲನೆಗೆ ಮನೆ ಬಾಗಿಲಿಗೇ ಬರುತ್ತಾರೆ, ಅಕ್ಕಪಕ್ಕ ವಿಚಾರಿಸುತ್ತಾರೆ ಅಂತ ಹೆದರಿಸಿದರು. ಒಂದು ತಿಂಗಳು ನೀನು ನಂಜನಗೂಡಿನಲ್ಲಿರು, ಅವರು ನೋಡಿಕೊಂಡು ಹೋದ ಮೇಲೆ ಬಂದುಬಿಡು ಅಂತ ನೀನೇ ಅಂದೆ. ತಾಂಡವಪುರದ ನನ್ನ ಅಣ್ಣನ ಮನೆಯಲ್ಲಿ ಜಾಗವಿಲ್ಲ ಅಂತ ಈ ವಠಾರದ ರೂಮು ಹುಡುಕಿದವನು ನೀನು, ನನ್ನ ಟ್ರಂಕು ಹೊತ್ತವನು ನೀನು. ಇಷ್ಟಕ್ಕೂ ನಾನು ಬೇಡ ಅನ್ನಲಿಲ್ಲ. ನನಗೆ ಗಾಡಿ ಬೇಕಿತ್ತು. ತುಂಬಾ ಬೇಕಿತ್ತು. ಅದನ್ನು ಮುಚ್ಚಿಡುವುದಿಲ್ಲ.

ಮೊದಮೊದಲು ಚೆನ್ನಾಗಿಯೇ ಇತ್ತು. ಶನಿವಾರ ಸಂಜೆ ನೀನು ಬರುತ್ತಿದ್ದೆ. ಗಲ್ಲಿಯ ತುದಿಯಲ್ಲಿ ನಿನ್ನ ಬೈಕಿನ ಸದ್ದು ಕೇಳಿದ ಕೂಡಲೇ ನನ್ನ ಕೈ ತಾನಾಗಿ ಬಾಚಣಿಗೆ ಹುಡುಕುತ್ತಿತ್ತು. ಚಿಕ್ಕಬಸಮ್ಮನವರು ನೀನು ಯಾರು ಅಂತ ಕೇಳಿದಾಗ, ಗೊತ್ತಿರೋ ಗಾಡಿಯೋನು ಕಣವ್ವ ಅಂತ ನಾನಂದೆ. ಪಾಪ ಅವರು ನಿನಗೆ ಜಗಲಿಯ ಮೇಲೆಯೇ ಕಾಫಿ ಕೊಟ್ಟರು. ನಾನು ಒಳಗೆ, ನೀನು ಹೊರಗೆ. ಕಿಟಕಿಯಿಂದ ನಿನ್ನ ಬೆನ್ನು ಕಾಣುತ್ತಿತ್ತು. ಅಂಗಿಯಿಂದ ಬ್ಲೀಚಿಂಗ್ ಪೌಡರ್ ವಾಸನೆ ಬರುತ್ತಿತ್ತು, ಟ್ಯಾಂಕಿಗೆ ಸುರಿಯುವಾಗ ನಿನ್ನ ಮೇಲೂ ಒಂದಿಷ್ಟು ಬೀಳುತ್ತದಲ್ಲ, ಅದು. ಕಿಟಕಿಯಿಂದ ಕೈ ಹಾಕಿ ಮುಟ್ಟಬೇಕು ಅನ್ನಿಸುತ್ತಿತ್ತು. ಕದ್ದು ನೋಡುವುದರಲ್ಲೂ ಒಂದು ರುಚಿ ಇತ್ತು. ಆದರೆ ಒಂದು ತಿಂಗಳು ಎರಡಾಯಿತು, ಮಳೆಗಾಲ ಬಂತು, ದಸರಾ ಹೋಯಿತು. ಟೆಂಡರ್ ಆಗಿಲ್ಲ, ಕಂಪನಿ ಬದಲಾಯಿತು, ಮೇಲಿನಿಂದ ಹಣ ಬಂದಿಲ್ಲ ಅನ್ನುತ್ತಿದ್ದರು. ಪರಿಶೀಲನೆಗೆ ಮಾತ್ರ ಒಂದು ನರಪಿಳ್ಳೆಯೂ ಬರಲಿಲ್ಲ. ನಾವು ಬರುತ್ತಾರೆ ಬರುತ್ತಾರೆ ಅಂತ ಕಾಯುತ್ತಲೇ ಇದ್ದೆವು.

ಆಮೇಲೆ ನಾನು ಬಚ್ಚಲಲ್ಲಿ ಜಾರಿ ಬಿದ್ದೆ.

ಅದನ್ನು ನಾವಿಬ್ಬರೂ ಇವತ್ತಿನವರೆಗೆ ಮಾತಾಡಿಲ್ಲ. ಚಿಕ್ಕಬಸಮ್ಮನವರು ನನ್ನನ್ನು ಆಸ್ಪತ್ರೆಗೆ ಸೇರಿಸಿ, ನನ್ನ ಫೋನಿನಿಂದ ನಿನಗೆ ಹೇಳಿದರು. ಒದ್ದೆ ಪ್ಯಾಂಟಿನಲ್ಲೇ ಓಡಿಬಂದೆಯಂತೆ. ಪರದೆಯ ಆ ಕಡೆ ನಿನ್ನ ಧ್ವನಿ ಕೇಳಿ ನನ್ನ ಅರ್ಧ ನೋವು ಇಳಿಯಿತು. ನರ್ಸು ಕೇಳಿದಳು, ನೀವು ಇವರಿಗೆ ಏನಾಗಬೇಕು? ನಾನು ಕಿವಿ ನಿಮಿರಿಸಿ ಕಾಯುತ್ತಿದ್ದೆ. ನೀನು, ಪರಿಚಯದೋರು ಅಂದೆ. ಹಾಗಾದರೆ ಹೊರಗೆ ಕೂತಿರಿ ಅಂದಳು. ನೀನು ಹೋಗಿ ಕೂತುಕೊಂಡೆ ಬಾವ. ಅಲ್ಲಿ ಯಾವ ಆಫೀಸರು ಇದ್ದ? ಯಾವ ಪಟ್ಟಿಯಿಂದ ಯಾರ ಹೆಸರು ಹೊಡೆದುಹಾಕುತ್ತಿದ್ದರು? ಕೈಗೆ ಕಟ್ಟು ಹಾಕುವಾಗ ನಾನು ಕಿರುಚಿದ್ದು ಕೈ ನೋವಿಗಲ್ಲ.

ಆಟೋದಲ್ಲಿ ಹಿಂದಕ್ಕೆ ಬರುವಾಗ ಕೇಳಿದೆ, ಯಾಕೆ ಹಾಗಂದೆ ಅಂತ. ನೀನು ರಸ್ತೆ ನೋಡುತ್ತಾ, “ಅಭ್ಯಾಸ ಆಗೋಯ್ತು ಕಣಮ್ಮಿ. ಗಾಡಿ ಬಂದ್ಮ್ಯಾಕೆ ಎಂಗೂ ನಾನ್ ಬ್ಯಾಕಾಗಕಿಲ್ವಲ್ಲ,” ಅಂದೆ.

ನನಗೆ ಮೈಯೆಲ್ಲ ಉರಿದುಹೋಯಿತು. ಅಷ್ಟು ಅಭ್ಯಾಸ ಆಗಿದ್ದರೆ ಶನಿವಾರ ಬರುವ ತೊಂದರೆಯೂ ಬೇಡ ಅಂದೆ. ಬೇಡ ಅಂದರೆ ನಿಜವಾಗಿಯೂ ಬರದೇ ಇರುವ ಗಂಡಸನ್ನು ನಿನ್ನನ್ನೇ ನೋಡಿದ್ದು. ಹೆಂಗಸು ಬೇಡ ಅಂದರೆ ಒಂದೆರಡು ಸಲ ಬಂದು ಬೈಸಿಕೊಂಡು ಹೋಗಬೇಕು ಅನ್ನುವುದನ್ನು ನಿನಗೆ ಯಾರೂ ಹೇಳಿಕೊಟ್ಟಿಲ್ಲವಾ? ಶನಿವಾರ ಬಂದರೆ ಈಗಲೂ ನಾನು ತಲೆ ಬಾಚಿಕೊಂಡು ಕೂರುತ್ತೇನೆ. ಗಲ್ಲಿಗೆ ಬರುವುದು ಹಾಲಿನವನ ಬೈಕು, ಗ್ಯಾಸಿನವನ ಗಾಡಿ.

ಈಗ ಕೇಳು, ನಗುತ್ತೀಯೋ ತಲೆ ಚಚ್ಚಿಕೊಳ್ಳುತ್ತೀಯೋ ನೋಡು. ಕೀಲಿ ಕೊಡುವ ದಿನ ಸಹಿ ಹಾಕಿಸಿಕೊಳ್ಳಲು ಅದೇ ಮೇಡಂ ಕೂತಿದ್ದರು. ಪೆನ್ನು ಕೈಗೆ ಕೊಟ್ಟರು. ಸಹಿ ಹಾಕದೆ ಅದನ್ನು ಮೇಜಿನ ಮೇಲಿಟ್ಟೆ. ಮೇಡಂ, ನನಗೆ ಮದುವೆಯಾಗಿದೆ, ಗಂಡನ ಹತ್ತಿರ ಬೈಕ್ ಇದೆ, ಆವತ್ತು ಬಾಡಿಗೆಗೆ ಬಂದವನು ಅಂದರಲ್ಲ, ಅವರೇ ನನ್ನ ಗಂಡ ಅಂತ ಒಂದೇ ಉಸಿರಿಗೆ ಹೇಳಿಬಿಟ್ಟೆ. ಗಾಡಿ ಹೋದರೆ ಹೋಗಲಿ ಅನ್ನಿಸಿತ್ತು. ನಿಜ ಹೇಳುತ್ತೇನೆ, ಆ ಕೆಂಪು ಗಾಡಿಯನ್ನು ಅಷ್ಟು ಹತ್ತಿರದಲ್ಲಿ ನೋಡಿಯೂ ಹೋದರೆ ಹೋಗಲಿ ಅನ್ನಿಸಿತ್ತು. ಆಯಮ್ಮ ಕನ್ನಡಕ ತೆಗೆದು ನನ್ನನ್ನೇ ನೋಡಿ, “ಅಲ್ಲಮ್ಮಾ, ಗಾಡಿ ಕೊಡ್ತಿರೋದು ನಿಮ್ಮ ಕಾಲಿಗೆ. ಗಂಡ ಇದ್ರೆ ನಮಗೇನು? ಆವತ್ತು ಅವರು ನಿಂತೇ ಇದ್ರಲ್ಲ, ಒಂದು ಕುರ್ಚಿ ಹಾಕ್ಸೋಣ ಅಂತ ಕೇಳಿದ್ದು,” ಅಂದರು.

ಕುರ್ಚಿ ಬಾವ. ನಿನಗೆ ಕುರ್ಚಿ ಹಾಕಿಸಲು ಕೇಳಿದ್ದು. ಅಂಥ ನಿಯಮವೇ ಇಲ್ಲ, ಇರಲೂ ಇಲ್ಲ. ಶಂಭುಲಿಂಗಪ್ಪ ಅಲ್ಲೇ ಇದ್ದರು, ಹೆಂಡತಿಯ ಪಕ್ಕದಲ್ಲೇ ನಿಂತು, ಅವಳ ಹಾರವನ್ನು ತಾವು ಹಾಕಿಕೊಂಡು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಹೋಗಿ ಕೇಳಿದರೆ, ನಂಗೂ ಯಾರೋ ಹಂಗಂದಿದ್ರು ಕಣ್ತಾಯಿ ಅಂತ ಹಲ್ಲು ಬಿಟ್ಟರು. ಊರುಗೋಲಿನಲ್ಲಿ ಎರಡು ಬಾರಿಸಬೇಕು ಅನ್ನಿಸಿತು. ಹಾರ ಹಾಕಿಕೊಂಡವರಿಗೆ ಹೊಡೆಯಬಾರದು ಅಂತ ಸುಮ್ಮನಾದೆ. ಯಾರೂ ಕೇಳದ ಪ್ರಶ್ನೆಗೆ ನಾವು ನಮ್ಮ ಸಂಸಾರವನ್ನೇ ಉತ್ತರ ಅಂತ ಬರೆದುಕೊಟ್ಟು ಕೂತಿದ್ದೆವಲ್ಲ ಬಾವ. ಆ ದಿನವೇ ನಿನಗೆ ಫೋನ್ ಮಾಡಿ ಹೇಳಬೇಕು ಅಂತ ಹತ್ತು ಸಲ ಫೋನ್ ಎತ್ತಿದೆ. ನೀನು ಊಂ ಅಂದು ಇಟ್ಟುಬಿಟ್ಟರೆ ಏನು ಮಾಡಲಿ ಅಂತ ಹೆದರಿಕೆಯಾಯಿತು.

ನೀನು ಅಂದ ಮಾತಿಗೆ ನಾನು ಇನ್ನೂ ಉತ್ತರ ಕೊಟ್ಟಿಲ್ಲ. ಗಾಡಿ ಬಂದ ಮೇಲೆ ನೀನು ಬೇಕಾಗುವುದಿಲ್ಲ ಅಂದೆಯಲ್ಲ, ಅದಕ್ಕೆ. ಹೊತ್ತುಕೊಂಡು ತಿರುಗಲಿಕ್ಕೆ ಅಂತ ನಾನು ನಿನ್ನನ್ನು ಕಟ್ಟಿಕೊಂಡೆನಾ? ಅದಕ್ಕಾಗಿದ್ದರೆ ಎತ್ತಿನ ಗಾಡಿ ಕಟ್ಟಿಕೊಳ್ಳುತ್ತಿದ್ದೆ. ಕಾಲಿಲ್ಲದವಳನ್ನು ಮದುವೆಯಾದ ಸಿದ್ಧಾರ್ಥ ದೇವರಂಥವನು ಅಂತ ಇಡೀ ಸೋಸಲೆ ನಿನಗೆ ಕೈ ಮುಗಿಯಿತು, ನೀನೂ ಅದನ್ನು ನಂಬಿಬಿಟ್ಟೆ ಅಂತ ಕಾಣುತ್ತದೆ. ದೇವರ ಹೆಂಡತಿಯಾಗಿ ನನಗೆ ಸುಸ್ತಾಗಿದೆ. ನೀನು ಬರುವುದು ತಡವಾದರೆ ಬೈಯಬೇಕು, ನಿನ್ನ ಗೊರಕೆಗೆ ಎಬ್ಬಿಸಬೇಕು, ನನ್ನ ತಟ್ಟೆಯಿಂದ ನೀನು ಮೀನಿನ ತಲೆ ಕದಿಯಬೇಕು. ಇಲ್ಲಿ ಮೀನು ತಂದರೆ ತಲೆ ಹಾಗೇ ಉಳಿಯುತ್ತದೆ ಬಾವ. ಅದನ್ನು ಬೆಕ್ಕಿಗೆ ಹಾಕುತ್ತೇನೆ.

ಗಾಡಿ ನನಗೆ ಇಷ್ಟ. ಅದನ್ನು ಬಿಡುವುದಿಲ್ಲ. ಕೆಲಸಕ್ಕೆ ನಾನೇ ಹೋಗುತ್ತೇನೆ, ಸಂತೆಗೆ ನಾನೇ ಹೋಗುತ್ತೇನೆ, ನಿನ್ನ ಮೋಟರ್ ಸುಟ್ಟರೆ ಸುಡಲಿ. ಆದರೆ ಇಷ್ಟು ದಿನದಲ್ಲಿ ಒಂದು ಗೊತ್ತಾಗಿದೆ. ಗಾಡಿಯಲ್ಲಿ ಕೂತರೆ ರಸ್ತೆ ಕಾಣುತ್ತದೆ, ನಿನ್ನ ಹಿಂದೆ ಕೂತರೆ ರಸ್ತೆ ಕಾಣುತ್ತಿರಲಿಲ್ಲ, ನಿನ್ನ ಬೆನ್ನು ಕಾಣುತ್ತಿತ್ತು. ಆ ಬೆನ್ನಿಗೆ ಕೆನ್ನೆ ಇಟ್ಟುಕೊಂಡು ನಾನು ಎಷ್ಟು ಸಲ ನಿದ್ದೆ ಮಾಡಿದ್ದೇನೆ, ನಿನಗೆ ಗೊತ್ತೇ ಇಲ್ಲ. ವಾರಕ್ಕೊಂದು ದಿನವಾದರೂ ನನಗೆ ಹಾಗೆ ಕೂರಬೇಕು. ಅದಕ್ಕೆ ಬೈಕ್ ಬೇಕು. ಅದಕ್ಕೇ ಮಾರಬೇಡ ಅನ್ನುತ್ತಿದ್ದೇನೆ.

ನಾನೇ ಬರುತ್ತಿದ್ದೆ. ಮೊನ್ನೆ ಹೊರಟೂಬಿಟ್ಟಿದ್ದೆ. ಸುತ್ತೂರು ತಲುಪುವಷ್ಟರಲ್ಲಿ ಬ್ಯಾಟರಿಯ ಕಡ್ಡಿಗಳಲ್ಲಿ ಅರ್ಧದ ಹತ್ತಿರ ಕಡಿಮೆಯಾಗಿತ್ತು. ಅಲ್ಲಿಂದ ಹಿಂದಕ್ಕೆ ಹೋದರೆ ರೂಮು ಸೇರಬಹುದು, ಮುಂದೆ ಹೋದರೆ ಸೋಸಲೆಯಲ್ಲಿ ಪ್ಲಗ್ಗಿಗೆ ಹಾಕದೆ ಬೇರೆ ದಾರಿಯಿಲ್ಲ. ನೀನು ಬಾಗಿಲಲ್ಲಿ ನಿಂತು ಯಾರನ್ನೋ ನೋಡಿದ ಹಾಗೆ ನೋಡಿದರೆ, ಹಿಂದಕ್ಕೆ ಬರಲು ನನಗೆ ಬ್ಯಾಟರಿ ಇರುವುದಿಲ್ಲ. ಸೇತುವೆಯ ಹತ್ತಿರ ಸ್ವಲ್ಪ ಹೊತ್ತು ನಿಂತು ತಿರುಗಿಸಿಕೊಂಡು ಬಂದೆ. ಇಷ್ಟು ದೂರ ಒಬ್ಬಳೇ ಬರಲು ಧೈರ್ಯವಿದ್ದವಳಿಗೆ ನಿನ್ನ ಮುಖ ನೋಡಲು ಧೈರ್ಯ ಬರಲಿಲ್ಲ.

ಆದ್ದರಿಂದ ನೀನು ಹೇಳು. ಬಾ ಅಂದರೆ ಬರುತ್ತೇನೆ. ಊಂ ಅಂದರೆ ಸಾಲದು, ಬಾ ಅನ್ನಬೇಕು. ಇಲ್ಲಿನ ಕೆಲಸ ಬಿಟ್ಟು ನರಸೀಪುರದಲ್ಲೇ ಹುಡುಕಿಕೊಳ್ಳುತ್ತೇನೆ, ಟೈಪಿಂಗ್ ಬಂದವಳಿಗೆ ಕೋರ್ಟು ಇರುವ ಊರಿನಲ್ಲಿ ಕೆಲಸಕ್ಕೆ ಬರವಿಲ್ಲ. ಸೋಮವಾರದೊಳಗೆ ಹೇಳು. ಅತ್ತೆಯ ಮೊಣಕಾಲಿಗೆ ಎಣ್ಣೆ ಬಿಸಿ ಮಾಡಿಯೇ ಹಚ್ಚು, ತಣ್ಣಗಿನದನ್ನು ಹಚ್ಚಿದರೆ ಬೈಯುತ್ತಾಳೆ.

ಇನ್ನೂ ನಿನ್ನ ಬಾಡಿಗೆ ಕೊಡದೇ ಉಳಿಸಿಕೊಂಡಿರುವ,
ಕೋಮಲ

ತಾ.ಕ.: ಶನಿವಾರ, ಮೂರೂವರೆ ಗಂಟೆ. ಅಂಚೆಗೆ ಹಾಕಿದರೆ ಇದು ನಿನ್ನ ಕೈ ಸೇರುವ ಹೊತ್ತಿಗೆ ಮೂಗೂರಿನವನು ಬಂದು ಹೋಗಿರುತ್ತಾನೆ ಅಂತ ಚಿಕ್ಕಬಸಮ್ಮನವರೇ ಹೇಳಿದರು. ಅವರಿಗೆ ಬೆಳಗ್ಗೆ ಎಲ್ಲವನ್ನೂ ಹೇಳಿಬಿಟ್ಟೆ. ಗಂಡನಿಗೆ ಜಗಲಿಯ ಮೇಲೆ ಕಾಫಿ ಕೊಡಿಸಿದೆಯಲ್ಲೇ ಅಂತ ಬೈದು, ದಾರಿಗೆ ಅಂತ ರೊಟ್ಟಿ ಕಟ್ಟಿಕೊಟ್ಟರು. ಸುತ್ತೂರಿನಲ್ಲಿ ಈ ಸಲ ನಿಲ್ಲಲಿಲ್ಲ, ಕಡ್ಡಿಗಳ ಕಡೆ ನೋಡಲೂ ಇಲ್ಲ. ಸಂಜೆ ನೀರು ಬಿಡಲು ನೀನು ಬಂದೇ ಬರುತ್ತೀಯ ಅಂತ ಈ ಕಾಗದವನ್ನು ಸೋಸಲೆಯ ಟ್ಯಾಂಕಿನ ವಾಲ್ವಿನ ಚಕ್ರಕ್ಕೆ ಸಿಕ್ಕಿಸಿದ್ದೇನೆ. ಟ್ಯಾಂಕಿನ ಹಿಂದೆ, ಶಾಲೆಯ ಗೋಡೆಯ ನೆರಳಿನಲ್ಲಿದ್ದೇನೆ. ಊರವರನ್ನು ಕಾಯಿಸಬೇಡ, ಮೊದಲು ನೀರು ಬಿಡು, ಆಮೇಲೆ ಬಾ. ನಂಜನಗೂಡಿಗೆ ವಾಪಸ್ಸು ಹೋಗುವಷ್ಟು ಚಾರ್ಜ್ ಉಳಿದಿಲ್ಲ. ಮನೆಯ ತನಕ ಇಬ್ಬರು ಹೋಗುವಷ್ಟಿದೆ.